ನೋಡೋಣ ಎಂದವರಿಗೆ

ನಮ್ಮ ಮಾತಿನಲ್ಲಿ 'ನೋಡೋಣ' ಎಂದರೆ ನೋಡುವುದಿಲ್ಲ ಎಂದೇ ಅರ್ಥ. ಸಾಲ ಕೇಳಲು ಬಂದವನಿಗೆ ನೋಡೋಣ ಎನ್ನುತ್ತೇವೆ, ಹೆಂಚು ಸೋರುತ್ತಿದೆ ಎಂದು ಹೇಳಲು ಬಂದ ಬಾಡಿಗೆಯವನಿಗೆ ನೋಡೋಣ ಎನ್ನುತ್ತೇವೆ, ಪಿಂಚಣಿ ಅರ್ಜಿ ಹಿಡಿದು ನಿಂತ ಮುದುಕಿಗೆ ಗುಮಾಸ್ತ ತಲೆಯೆತ್ತದೆ ನೋಡೋಣ ಎನ್ನುತ್ತಾನೆ. ಹೇಳಿದವನಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು, ವಿಷಯ ಅಲ್ಲಿಗೆ ಮುಗಿಯಿತು ಎಂದು. ಈ ಮಾತನ್ನು ನಾನು ಒಂದು ಮಗುವಿನ ವಿಷಯದಲ್ಲಿ ಆಡಿದ್ದೇನೆ. ನೀವೂ ಎಲ್ಲೋ ಒಮ್ಮೆ ಆಡಿರಬಹುದು. ಅದಕ್ಕಾಗಿ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ನಿಮ್ಮ ಪಕ್ಕದಲ್ಲೇ ಕುಳಿತು ಈ ಸಂಕಟ ಹಂಚಿಕೊಳ್ಳಲು ಬಂದಿದ್ದೇನೆ.

ನನ್ನ ತಂಗಿಯ ಮಗಳನ್ನು ನನ್ನ ಕೊನೆಯ ತಮ್ಮನಿಗೆ ತಂದುಕೊಂಡೆವು. ತಿಪಟೂರಿನ ಕಡೆಯ ತೆಂಗಿನ ತೋಟದ ಮನೆ ನಮ್ಮದು. ತೋಟ ಹಂಚಿಹೋಗುವುದಿಲ್ಲ, ಹುಡುಗಿ ಕಣ್ಣೆದುರೇ ಬೆಳೆದವಳು, ಅತ್ತೆಯಾಗುವವಳು ಬೇರೆ ಯಾರೋ ಅಲ್ಲ, ಅವಳ ಸ್ವಂತ ಅಜ್ಜಿ. ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಕ್ಕೀತು ಎಂದು ಎಲ್ಲರೂ ಹೇಳಿದರು. ಮನೆಗೆ ಹಿರಿಯನಾಗಿ ತಾಂಬೂಲ ಬದಲಾಯಿಸಿದವನು ನಾನು. ಎರಡನೆಯ ವರ್ಷಕ್ಕೆ ಗಂಡು ಮಗು. ತುಂಬು ಕೆನ್ನೆ, ದಟ್ಟ ಹುಬ್ಬು, ದೊಡ್ಡ ತಲೆ. ತಲೆ ದೊಡ್ಡದಿದ್ದರೆ ಬುದ್ಧಿವಂತನಾಗುತ್ತಾನೆ ಎಂದು ನಮ್ಮಮ್ಮ ದೃಷ್ಟಿ ತೆಗೆದಳು. ಹೊಕ್ಕುಳು ಉಬ್ಬಿಕೊಂಡಿತ್ತು, ಒಂದು ನಾಣ್ಯ ಇಟ್ಟು ಬಟ್ಟೆ ಕಟ್ಟಿದಳು. ಬೆನ್ನ ತುಂಬ ನೀಲಿ ಮಚ್ಚೆ ಇದ್ದವು, ದೇವರು ತಟ್ಟಿ ಕಳಿಸಿದ ಗುರುತು ಎಂದಳು. ಮೂಗು ಸದಾ ಕಟ್ಟಿರುತ್ತಿತ್ತು, ಆರು ತಿಂಗಳ ಕೂಸು ನಡುವಯಸ್ಸಿನ ಗಂಡಸಿನ ಹಾಗೆ ಗೊರಕೆ ಹೊಡೆಯುತ್ತಿತ್ತು, ನಾವೆಲ್ಲ ತೊಟ್ಟಿಲ ಸುತ್ತ ನಿಂತು ಅದನ್ನು ಕೇಳಿ ನಗುತ್ತಿದ್ದೆವು. ಆ ನಗುವನ್ನು ನೆನೆದರೆ ಈಗಲೂ ನನಗೆ ಅನ್ನ ಇಳಿಯುವುದಿಲ್ಲ.

ಮಗುವಿಗೆ ಒಂಬತ್ತು ತಿಂಗಳಿದ್ದಾಗ ಒಂದು ಬೆಳಿಗ್ಗೆ ತಾಯಿ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಜಗಲಿಗೆ ಬಂದಳು. ಮದುವೆಯಾಗಿ ನನಗೆ ನಾದಿನಿಯಾದರೂ ಅವಳ ಬಾಯಿಗೆ ನಾನು ಹಳೆಯ ದೊಡ್ಡಮಾವನೇ. "ದೊಡ್ಡಮಾವ, ಇವನ ಬೆನ್ನು ಸ್ವಲ್ಪ ನೋಡಿ. ಕೂರಿಸಿದರೆ ಇಲ್ಲೊಂದು ಗೂನು ಥರ ಬರುತ್ತೆ" ಎಂದಳು. ನನ್ನ ಕೈಯಲ್ಲಿ ಪೇಪರ್ ಇತ್ತು. "ಬೇಗ ಕೂರಿಸಿದ್ದೀಯ, ಅದಕ್ಕೆ. ನೋಡೋಣ ತಗೋ" ಎಂದೆ. ಮೂವತ್ತು ವರ್ಷ ಮೇಷ್ಟ್ರಾಗಿ ನೂರಾರು ಮಕ್ಕಳನ್ನು ಕಂಡವನ ಮಾತು ಎಂದು ಅವಳು ನಂಬಿ ಒಳಗೆ ಹೋದಳು.

ಆಮೇಲೆ ಒಂದಾದ ಮೇಲೆ ಒಂದು. ಒಂದು ವರ್ಷಕ್ಕೆ ತೊಡೆಸಂದಿಯಲ್ಲಿ ಹರ್ನಿಯಾ, ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಹೊಲಿಗೆ ಹಾಕಿದವರು ಹೊಟ್ಟೆ ಯಾಕಿಷ್ಟು ಉಬ್ಬಿದೆ ಎಂದು ಕೇಳಲಿಲ್ಲ. ಎರಡು ವರ್ಷಕ್ಕೆ ಕಿವಿ ಸೋರಿತು, ಕಿವಿಯವರು ಕಿವಿ ನೋಡಿದರು. ಕಣ್ಣಿನ ಪಾಪೆಯ ಮೇಲೆ ಮಂಜು ಕವಿದಂತಾಯಿತು, ಕಣ್ಣಿನವರು ಕಣ್ಣು ನೋಡಿದರು. ಬೆರಳುಗಳು ಬಾಗಿ ಗಟ್ಟಿಯಾದವು, ತುತ್ತನ್ನು ಹಿಡಿಯಲಾರದೆ ಅಂಗೈಯಲ್ಲೇ ಬಾಯಿಗೆ ಒತ್ತಿಕೊಳ್ಳುತ್ತಿದ್ದ. ಎಲ್ಲರೂ ಒಂದೊಂದು ತುಂಡು ನೋಡಿದರು, ಮಗುವನ್ನು ಮಾತ್ರ ಯಾರೂ ನೋಡಲಿಲ್ಲ. ಕೊನೆಗೆ ಮೂರೂವರೆ ವರ್ಷಕ್ಕೆ ಅಂಗನವಾಡಿಗೆ ಮಕ್ಕಳ ತಪಾಸಣೆಗೆಂದು ಜೀಪಿನಲ್ಲಿ ಬಂದ ತಂಡದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಎತ್ತರ ತೂಕ ಬರೆದು ಮುಗಿಸಿದವಳು, ತಡೆದು, ಅವನ ಅಂಗಿ ಎತ್ತಿ ಬೆನ್ನು ಸವರಿದಳು, ಹೊಟ್ಟೆ ಒತ್ತಿದಳು, ಬೆರಳು ಬಿಡಿಸಲು ನೋಡಿದಳು, ಮುಖವನ್ನು ಬೆಳಕಿಗೆ ತಿರುಗಿಸಿದಳು. ಐದು ನಿಮಿಷ ಕೂಡ ಆಗಿರಲಿಲ್ಲ. "ನಾಳೆಯೇ ಬೆಂಗಳೂರಿಗೆ ಹೋಗಿ" ಎಂದಳು.

ಅಲ್ಲಿ ಎಕ್ಸ್‌ರೇ ತೆಗೆದಾಗ ಅವನ ಪಕ್ಕೆಲುಬುಗಳು ದೋಣಿಯ ಹುಟ್ಟಿನಂತೆ ಅಗಲವಾಗಿದ್ದವು, ಬೆನ್ನುಮೂಳೆಯ ಮಣಿಗಳು ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಚಾಚಿದ್ದವು. ಮೂತ್ರ ಪರೀಕ್ಷೆ, ರಕ್ತದಲ್ಲಿ ಕಿಣ್ವದ ಪರೀಕ್ಷೆ. ಕಾಯಿಲೆಗೆ ಹೆಸರು ಸಿಕ್ಕಿತು: ಹರ್ಲರ್ ಸಿಂಡ್ರೋಮ್, ಮ್ಯೂಕೋಪಾಲಿಸ್ಯಾಕರಿಡೋಸಿಸ್ ಎಂಬ ಗುಂಪಿನ ಮೊದಲನೆಯದು, ಆಸ್ಪತ್ರೆಯವರ ಬಾಯಲ್ಲಿ ಎಂಪಿಎಸ್ ಒಂದು. ವೈದ್ಯರು ಮೆತ್ತಗೆ ಹೇಳಿದರು: ಎರಡು ವರ್ಷ ತುಂಬುವ ಮೊದಲು ಬಂದಿದ್ದರೆ ಅಸ್ಥಿಮಜ್ಜೆ ಕಸಿ ಮಾಡಿ ಮೆದುಳನ್ನು ಉಳಿಸಿಕೊಳ್ಳುವ ಪ್ರಯತ್ನ ಮಾಡಬಹುದಿತ್ತು. ಅವನ ತಾಯಿ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಹಗುರಾಗುತ್ತಿತ್ತೇನೋ.

ಈ ಕಾಯಿಲೆ ಏನು ಮಾಡುತ್ತದೆ ಎಂದು ನಿಮಗೆ ಹೇಳಬೇಕು, ಏಕೆಂದರೆ ಅರ್ಥವಾಗದ್ದನ್ನು ಕರ್ಮ ಎಂದು ಬದಿಗಿಡುವುದು ಸುಲಭ. ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ ಹಳೆಯದನ್ನು ಪುಡಿಮಾಡಿ ಮತ್ತೆ ಬಳಕೆಗೆ ಕಳಿಸುವ ಸಣ್ಣ ಸಣ್ಣ ಚೀಲಗಳಿವೆ. 1955ರಲ್ಲಿ ಬೆಲ್ಜಿಯಂನ ಕ್ರಿಶ್ಚಿಯನ್ ದ ಡ್ಯೂವ್ ಅವನ್ನು ಗುರುತಿಸಿ ಲೈಸೋಸೋಮ್ ಎಂದು ಕರೆದರು. ಮೂಳೆ, ಮೃದ್ವಸ್ಥಿ, ಕಣ್ಣಿನ ಕಾರ್ನಿಯಾ, ಹೃದಯದ ಕವಾಟ ಇವನ್ನೆಲ್ಲ ಕಟ್ಟುವುದಕ್ಕೆ ದೇಹ ಉದ್ದುದ್ದ ಸಕ್ಕರೆಯ ಸರಪಳಿಗಳನ್ನು ಬಳಸುತ್ತದೆ. ಕಟ್ಟಿದ್ದು ಹಳತಾದ ಮೇಲೆ ಆ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಲು ಒಂದೊಂದು ಕೊಂಡಿಗೂ ಒಂದೊಂದು ಕಿಣ್ವ ಬೇಕು. ಹುಟ್ಟುವಾಗಲೇ ಒಂದು ಕಿಣ್ವ ಇಲ್ಲದಿದ್ದರೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ, ಬಿಡಿಸಲಾಗದ್ದು ದಿನದಿನವೂ ಸೇರುತ್ತ ಹೋಗುತ್ತದೆ. ಹುಟ್ಟಿದ ದಿನ ಮಗು ಹೆಚ್ಚುಕಡಿಮೆ ಎಲ್ಲರ ಮಗುವಿನಂತೆಯೇ ಇರುತ್ತದೆ, ಕಸ ಇನ್ನೂ ತುಂಬಿರುವುದಿಲ್ಲ. ಆಮೇಲೆ ಪಿತ್ತಜನಕಾಂಗದಲ್ಲಿ ತುಂಬುತ್ತದೆ, ಹೊಟ್ಟೆ ಉಬ್ಬುತ್ತದೆ. ಗಂಟಲಿನ ಸುತ್ತ ತುಂಬುತ್ತದೆ, ಉಸಿರು ಗೊರಕೆಯಾಗುತ್ತದೆ. ಮೂಳೆಯಲ್ಲಿ ತುಂಬುತ್ತದೆ, ಮೂಳೆ ತನ್ನ ಆಕಾರ ಮರೆಯುತ್ತದೆ. ಮೆದುಳಿನಲ್ಲಿ ತುಂಬುತ್ತದೆ, ಕಲಿತ ಮಾತು ಒಂದೊಂದಾಗಿ ಮುಳುಗುತ್ತದೆ. ನಾವು ನೋಡೋಣ ಎಂದು ಮುಂದೆ ಹಾಕಿದ ಒಂದೊಂದು ದಿನವೂ ಆ ಮಗುವಿನ ಒಳಗೆ ಜಮೆಯಾಗುತ್ತಿತ್ತು.

ಅವನಿಗೆ ಎರಡೂವರೆ ವರ್ಷದಲ್ಲಿ ಸುಮಾರು ಮಾತು ಬರುತ್ತಿತ್ತು. ಬಾ, ಬೇಡ, ಅಜ್ಜಿ, ದೊಡ್ಡ, ಕಾಗೆ, ಬೆಲ್ಲ. ದೊಡ್ಡ ಎಂದರೆ ನಾನು, ದೊಡ್ಡಪ್ಪ ಎಂದು ಪೂರ್ತಿ ಹೇಳಲು ಬರುತ್ತಿರಲಿಲ್ಲ. ನಾಲ್ಕು ದಾಟಿದ ಮೇಲೆ ಅವು ಹೋಗತೊಡಗಿದವು. ಕಾಗೆ ಹೋಯಿತು. ಬೆಲ್ಲ ಹೋಯಿತು. ನಾನು ಹೋದೆ. ಅವನ ತಾಯಿ ಮೊಬೈಲಿನಲ್ಲಿ ಹಿಡಿದಿಟ್ಟ ಹಳೆಯ ದನಿಯನ್ನು ಅವನ ಕಿವಿಯ ಹತ್ತಿರ ಹಿಡಿದು ಹಾಕುತ್ತಿದ್ದಳು, ತನ್ನದೇ ದನಿ ಕೇಳಿದರೆ ತಿರುಗಿ ಬಂದೀತೇನೋ ಎಂದು. ಕೊನೆಯವರೆಗೂ ಉಳಿದ ಮಾತು 'ಬಸ್ಸು'. ಬೆಂಗಳೂರಿಗೆ ಅಷ್ಟು ಸಲ ಹೋಗಿ ಬಂದಿದ್ದ. ಎಂಟು ತುಂಬುವ ಮೊದಲೇ ಅವನು ಹೋದ.

ಒಂದು ಮನೆಯ ದುಃಖ ಹೇಳಿ ನಿಮ್ಮ ಕಣ್ಣು ಒದ್ದೆ ಮಾಡುವುದಷ್ಟೇ ನನಗೆ ಬೇಕಿದ್ದರೆ ಇಲ್ಲಿಗೆ ನಿಲ್ಲಿಸುತ್ತಿದ್ದೆ. ಆದರೆ ನೀವು ಇಂಥ ಮಕ್ಕಳನ್ನು ನೋಡಿದ್ದೀರಿ. ನಿಮ್ಮ ಶಾಲೆಯಲ್ಲಿ ಒಂದು ಕ್ಷಣ ಕೂರದ, ರಾತ್ರಿಯಿಡೀ ನಿದ್ದೆ ಮಾಡದ, ಪುಸ್ತಕ ಕಚ್ಚುವ, ನಿನ್ನೆ ಹೇಳಿದ ಪದ್ಯ ಇವತ್ತು ಮರೆಯುವ ಹುಡುಗನನ್ನು ತುಂಟ ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದನ್ನು ನೀವು ನೋಡಿದ್ದೀರಿ. ತುಂಟರೆಲ್ಲ ರೋಗಿಗಳಲ್ಲ, ನಿಜ. ಆದರೆ ಅವರಲ್ಲಿ ಒಬ್ಬನಿಗೆ ಸ್ಯಾನ್‌ಫಿಲಿಪ್ಪೊ ಎಂಬ ಎಂಪಿಎಸ್ ಮೂರು ಇರಬಹುದು. ಅದು ಮೂಳೆಯನ್ನು ಹೆಚ್ಚು ಮುಟ್ಟದೆ ಮೆದುಳನ್ನೇ ತಿನ್ನುತ್ತದೆ, ಮುಖ ನೋಡಿ ಗುರುತಿಸುವುದು ಕಷ್ಟ, ಹಾಗಾಗಿ ಆ ಮಗುವಿಗೆ ಔಷಧಿಗೆ ಮೊದಲು ಪೆಟ್ಟು ಸಿಗುತ್ತದೆ. ಇನ್ನೊಂದು ಕಡೆ ಮಾರ್ಕಿಯೊ, ಎಂಪಿಎಸ್ ನಾಲ್ಕು. 1929ರಲ್ಲಿ ಉರುಗ್ವೆಯ ಮಕ್ಕಳ ವೈದ್ಯ ಲೂಯಿಸ್ ಮಾರ್ಕಿಯೊ ಅದನ್ನು ಬರೆದಿಟ್ಟರು. ಅಲ್ಲಿ ಬುದ್ಧಿ ಪೂರ್ತಿ ಚುರುಕು, ಮೂಳೆ ಮಾತ್ರ ಬೆಳೆಯುವುದಿಲ್ಲ. ಮಂಡಿಗಳು ಒಂದಕ್ಕೊಂದು ತಾಗುತ್ತವೆ, ಎದೆಗೂಡು ಮುಂದಕ್ಕೆ ಬರುತ್ತದೆ, ಕತ್ತಿನ ಮೂಳೆಗಳು ಸಡಿಲವಾಗಿ ಒಮ್ಮೆ ಬಿದ್ದರೂ ಬೆನ್ನುಹುರಿ ಜಜ್ಜಿಹೋಗುವ ಅಪಾಯ ಇರುತ್ತದೆ. ಗಣಿತದಲ್ಲಿ ಮೊದಲು ಬರುವ ಆ ಪುಟ್ಟ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಏನೆಂದು ಕರೆಯುತ್ತಾರೆ ಎಂಬುದನ್ನು ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಾಳೆ. ಒಬ್ಬನಿಗೆ ಹೇಳಿಕೊಳ್ಳಲು ಮಾತಿಲ್ಲ, ಇನ್ನೊಬ್ಬಳಿಗೆ ಮಾತಿದೆ, ಕೇಳುವವರಿಲ್ಲ. ನೀವು ಇಬ್ಬರನ್ನೂ ನೋಡಿದ್ದೀರಿ. ಬಸ್ಸು ಬಂತೆಂದು ಹತ್ತಿ ಹೋಗಿದ್ದೀರಿ.

ಇನ್ನು ಮದುವೆಯ ಮಾತು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಏಕೆಂದರೆ ನಮ್ಮಲ್ಲಿ ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ಬರೀ ಲೆಕ್ಕಾಚಾರವಲ್ಲ, ಅದರಲ್ಲಿ ಪ್ರೀತಿಯೂ ಇದೆ. ಮಗಳು ಕಾಣದ ಮನೆಗೆ ಹೋಗಿ ಕಣ್ಣೀರಿಡದಿರಲಿ ಎಂಬ ಆಸೆ ಇದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದಲ್ಲೇ ಆದವು. ಅವರಲ್ಲಿ ಹೆಚ್ಚಿನವರ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಸಂಬಂಧವೇ ಇಲ್ಲದವರ ಮನೆಯಲ್ಲೂ ಈ ಕಾಯಿಲೆ ಹುಟ್ಟುತ್ತದೆ. ಆದರೆ ನಮ್ಮಲ್ಲಿ ಪ್ರತಿಯೊಬ್ಬರೂ ಕೆಟ್ಟ ವಂಶವಾಹಿಗಳನ್ನು ಒಂದಷ್ಟು ಗೊತ್ತಿಲ್ಲದೆ ಹೊತ್ತು ತಿರುಗುತ್ತೇವೆ, ಜೊತೆಯದು ಸರಿಯಿರುವುದರಿಂದ ನಮಗೆ ಏನೂ ಆಗುವುದಿಲ್ಲ. ಒಂದೇ ಮನೆತನದ ಇಬ್ಬರು ಮದುವೆಯಾದಾಗ ಇಬ್ಬರ ಬಳಿಯೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಹೆಚ್ಚುತ್ತದೆ. ಮಾವ ಮತ್ತು ಅಕ್ಕತಂಗಿಯ ಮಗಳ ನಡುವೆ ಕಾಲು ಭಾಗ ವಂಶವಾಹಿ ಒಂದೇ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ 4ರಲ್ಲಿ 1 ಪಾಲು ಅಪಾಯ. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಎಂದು ಲೆಕ್ಕ ಹಾಕುವವರನ್ನು ಕಂಡಿದ್ದೇನೆ. ಕವಡೆಗೆ ಹಿಂದಿನ ಆಟ ನೆನಪಿರುವುದಿಲ್ಲ.

ಮತ್ತೆ ಆ ತಾಯಿ. ಹರ್ಲರ್‌ನಲ್ಲಿ ಒಂದು ಕೆಟ್ಟ ಪ್ರತಿ ಅಪ್ಪನದು, ಇನ್ನೊಂದು ಅಮ್ಮನದು, ಇಬ್ಬರದೂ ಸಮ. ಹಂಟರ್ ಎಂಬ ಎಂಪಿಎಸ್ ಎರಡರಲ್ಲಿ ಮಾತ್ರ ಅದು ಹೆಚ್ಚಾಗಿ ತಾಯಿಯಿಂದ ಗಂಡುಮಗುವಿಗೆ ಬರುತ್ತದೆ, ಅದಕ್ಕೂ ರಕ್ತಸಂಬಂಧದ ಮದುವೆಗೂ ನಂಟಿಲ್ಲ, ಎಷ್ಟೋ ಸಲ ಹೊಸದಾಗಿ ಆ ಮಗುವಿನಲ್ಲೇ ಹುಟ್ಟಿಕೊಂಡಿರುತ್ತದೆ. ಕಾಯಿಲೆ ಯಾವುದಾದರೂ ಇರಲಿ, ಬೊಟ್ಟು ಮಾಡುವುದು ಅವಳ ಕಡೆಗೇ. ಗ್ರಹಣದಲ್ಲಿ ಹೊರಗೆ ಬಂದಳು, ಬಾಣಂತನದ ಪಥ್ಯ ಮುರಿದಳು, ಅವಳ ಹೊಟ್ಟೆಯೇ ಸರಿಯಿಲ್ಲ. ನಾಮಕರಣಕ್ಕೆ ಕರೆಯುವುದನ್ನು ನಿಲ್ಲಿಸುತ್ತಾರೆ, ಅರಿಸಿನ ಕುಂಕುಮಕ್ಕೆ ಹೋದರೆ ಮಗುವನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿ ಬಾ ಎನ್ನುತ್ತಾರೆ. ಆ ಮಾತು ಆಡುವವರು ಕೆಟ್ಟವರೇನಲ್ಲ. ಅವರೇ ಸಂಜೆ ಆ ಮಗುವಿನ ಹೆಸರಿನಲ್ಲಿ ದೇವಸ್ಥಾನದಲ್ಲಿ ಅರ್ಚನೆ ಮಾಡಿಸುತ್ತಾರೆ. ನಮ್ಮ ಒಳ್ಳೆಯತನಕ್ಕೆ ಕೈಯಿದೆ, ಕಣ್ಣಿಲ್ಲ.

ಔಷಧಿಯೇ ಇಲ್ಲದ ಕಾಯಿಲೆ ತಾನೇ, ನೋಡಿದರೂ ಏನು ಮಾಡುವುದು ಎಂದು ನೀವು ಕೇಳಬಹುದು. ಕೇಳಲೇಬೇಕು. 1917ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಚಾರ್ಲ್ಸ್ ಹಂಟರ್ ಇಬ್ಬರು ಅಣ್ಣತಮ್ಮಂದಿರ ಬಗ್ಗೆ ಬರೆದಾಗ, 1919ರಲ್ಲಿ ಮ್ಯೂನಿಕ್‌ನ ಮಕ್ಕಳ ವೈದ್ಯೆ ಗರ್ಟ್ರೂಡ್ ಹರ್ಲರ್ ಎರಡು ಶಿಶುಗಳ ಬಗ್ಗೆ ಬರೆದಾಗ ನಿಜಕ್ಕೂ ಏನೂ ಇರಲಿಲ್ಲ, ಅವರ ಕೈಯಲ್ಲಿದ್ದದ್ದು ನೋಡುವ ಕಣ್ಣು ಮಾತ್ರ. ಆದರೆ 1968ರಲ್ಲಿ ಅಮೆರಿಕದಲ್ಲಿ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಅವರ ಜೊತೆಗಾರರು ಒಂದು ಕೆಲಸ ಮಾಡಿದರು. ಹರ್ಲರ್ ಇರುವ ಮಗುವಿನ ಚರ್ಮದ ಕೋಶಗಳನ್ನೂ ಹಂಟರ್ ಇರುವ ಮಗುವಿನ ಚರ್ಮದ ಕೋಶಗಳನ್ನೂ ಒಂದೇ ತಟ್ಟೆಯಲ್ಲಿ ಬೆಳೆಸಿದರು. ಎರಡೂ ರೋಗದ ಕೋಶಗಳೇ, ಎರಡರ ಹೊಟ್ಟೆಯಲ್ಲೂ ಕಸ. ಕೂಡಿ ಬೆಳೆದಾಗ ಎರಡೂ ಸರಿಹೋದವು! ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ಹೊರಗೆ ಸೂಸುತ್ತಿತ್ತು, ಪಕ್ಕದ್ದು ಅದನ್ನು ಹೀರಿಕೊಳ್ಳುತ್ತಿತ್ತು. ಈ ಪ್ರಯೋಗದ ಬಗ್ಗೆ ಮೊದಲ ಸಲ ಓದಿದ ರಾತ್ರಿ ನಾನು ಬಹಳ ಹೊತ್ತು ದೀಪ ಆರಿಸಲಿಲ್ಲ.

ಆ ತಟ್ಟೆಯಿಂದಲೇ ಚಿಕಿತ್ಸೆ ಹುಟ್ಟಿತು. ಕೋಶ ಹೊರಗಿನ ಕಿಣ್ವವನ್ನು ಹೀರಿಕೊಳ್ಳುವುದಾದರೆ ಕಿಣ್ವವನ್ನು ರಕ್ತಕ್ಕೆ ಕೊಡಬಹುದಲ್ಲ. ಹರ್ಲರ್ ಗುಂಪಿಗೆ 2003ರಲ್ಲಿ, ಎಂಪಿಎಸ್ ಆರಕ್ಕೆ 2005ರಲ್ಲಿ, ಹಂಟರ್‌ಗೆ 2006ರಲ್ಲಿ, ಮಾರ್ಕಿಯೊಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಕಿಣ್ವಗಳು ಬಂದವು. ವಾರಕ್ಕೊಮ್ಮೆ ಕೆಲವು ಗಂಟೆ ಡ್ರಿಪ್ ಹಾಕಬೇಕು, ಬದುಕಿರುವವರೆಗೆ ಹಾಕಬೇಕು. ಉಸಿರು ಹಗುರಾಗುತ್ತದೆ, ಹೊಟ್ಟೆ ಇಳಿಯುತ್ತದೆ, ಮಗು ನಾಲ್ಕು ಹೆಜ್ಜೆ ಹೆಚ್ಚು ನಡೆಯುತ್ತದೆ. ಆದರೆ ರಕ್ತದಿಂದ ಮೆದುಳಿಗೆ ಹೋಗುವ ಬಾಗಿಲನ್ನು ಆ ಕಿಣ್ವ ದಾಟಲಾರದು. ಮೆದುಳಿಗೆ ತಲುಪಬೇಕಾದರೆ ಇನ್ನೊಬ್ಬರ ಅಸ್ಥಿಮಜ್ಜೆಯ ಜೀವಕೋಶಗಳೇ ಅಲ್ಲಿಗೆ ಹೋಗಿ ನೆಲೆಸಿ ಕಿಣ್ವ ಸೂಸಬೇಕು. ಹರ್ಲರ್ ಮಗುವಿಗೆ ಅಂಥ ಕಸಿಯನ್ನು 1980ರ ಹೊತ್ತಿಗೇ ಲಂಡನ್ನಿನಲ್ಲಿ ಮಾಡಿದರು. ಕಸಿ ಆದರೂ ಮೂಳೆಯ ತೊಂದರೆ ಪೂರ್ತಿ ಹೋಗುವುದಿಲ್ಲ, ಅಪಾಯವೂ ಇದೆ, ಸುಳ್ಳು ಭರವಸೆ ಕೊಡಲಾರೆ. ಆದರೆ ಮಾತು ಉಳಿಯಬಹುದು. ಕಾಗೆ, ಬೆಲ್ಲ, ದೊಡ್ಡ ಉಳಿಯಬಹುದು. ಅದೆಲ್ಲ ಎರಡು ವರ್ಷದೊಳಗಿನ ಮಾತು. ಮೂರೂವರೆಗೆ ಬಂದವರಿಗಲ್ಲ.

ಹಣದ ವಿಷಯಕ್ಕೆ ಬಂದರೆ ನನ್ನ ದನಿ ಏರುತ್ತದೆ, ಕ್ಷಮಿಸಿ. ಹತ್ತು ಕಿಲೋ ತೂಕದ ಮಗುವಿಗೆ ಇಂಥ ಕೆಲವು ಕಾಯಿಲೆಗಳ ಚಿಕಿತ್ಸೆಗೆ ವರ್ಷಕ್ಕೆ 10 ಲಕ್ಷದಿಂದ 1 ಕೋಟಿ ರೂಪಾಯಿಗೂ ಮೀರಿ ಆಗಬಹುದು ಎಂದು ಸರ್ಕಾರದ ನೀತಿಯೇ ಹೇಳುತ್ತದೆ. ಮಗು ಬೆಳೆದಂತೆ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದಂತೆ ಔಷಧಿ ಹೆಚ್ಚು ಬೇಕು. ಮಗು ಬೆಳೆಯಿತೆಂದು ಹೆತ್ತವರು ಹೆದರಬೇಕಾದ ಸ್ಥಿತಿ! 2013ರಲ್ಲಿ ದೆಹಲಿಯ ಒಬ್ಬ ರಿಕ್ಷಾ ಎಳೆಯುವವನು ಗೋಷೆ ಕಾಯಿಲೆಯ ಮಗನಿಗಾಗಿ ಹೈಕೋರ್ಟಿನ ಬಾಗಿಲು ತಟ್ಟಿದ. ಅದೂ ಎಂಪಿಎಸ್‌ನಂತೆಯೇ ಕಿಣ್ವವಿಲ್ಲದೆ ಕಸ ಸೇರುವ ಕಾಯಿಲೆ. ಅದಕ್ಕೆ ಮೊದಲು ಅವನು ನಾಲ್ಕು ಮಕ್ಕಳನ್ನು ಅದರಿಂದಲೇ ಕಳೆದುಕೊಂಡಿದ್ದ. ಬಡವನೆಂಬ ಕಾರಣಕ್ಕೆ ಮಗು ಸಾಯಬಾರದು, ನೋಡಿಕೊಳ್ಳುವುದು ಸರ್ಕಾರದ ಹೊಣೆ ಎಂಬ ಅರ್ಥದ ತೀರ್ಪು 2014ರಲ್ಲಿ ಬಂತು. 2017ರಲ್ಲಿ ಅಪರೂಪದ ಕಾಯಿಲೆಗಳಿಗೆ ಒಂದು ರಾಷ್ಟ್ರೀಯ ನೀತಿ ಬಂತು, ಮರುವರ್ಷವೇ ಅದನ್ನು ತಡೆಹಿಡಿದರು. 2021ರಲ್ಲಿ ಮತ್ತೊಂದು ಬಂತು. ಜೀವನಪೂರ್ತಿ ದುಬಾರಿ ಔಷಧಿ ಬೇಕಾದ ಮಕ್ಕಳಿಗೆ ಅದರಲ್ಲಿ ಸಿಕ್ಕಿದ್ದು ಜನರಿಂದ ಚಂದಾ ಎತ್ತುವ ಒಂದು ಜಾಲತಾಣ. 2022ರಲ್ಲಿ ತಿದ್ದಿ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಒಬ್ಬರಿಗೆ 50 ಲಕ್ಷದವರೆಗೆ ಎಂದರು. ಕೃತಜ್ಞತೆಯಿಂದಲೇ ಹೇಳುತ್ತೇನೆ, ಅದು ದೊಡ್ಡ ಮೊತ್ತ. ಆದರೆ ಕಾಯಿಲೆ 50 ಲಕ್ಷಕ್ಕೆ ಮುಗಿಯುವುದಿಲ್ಲ, ದುಡ್ಡು ಮುಗಿಯುತ್ತದೆ. ಡ್ರಿಪ್ ನಿಂತ ಮೇಲೆ ಇಳಿದಿದ್ದ ಹೊಟ್ಟೆ ಮತ್ತೆ ಉಬ್ಬುತ್ತದೆ. 2024ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟು ಎರಡು ವರ್ಷಕ್ಕೆ 974 ಕೋಟಿ ರೂಪಾಯಿಯ ರಾಷ್ಟ್ರೀಯ ನಿಧಿ ಮಾಡಿ ಎಂದಿತು, ಕೇಂದ್ರ ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಜಗಲಿಯಲ್ಲಿ ನಾನಾಡಿದ ಮಾತನ್ನೇ ದೆಹಲಿಯಲ್ಲಿ ಸೀಲು ಹಾಕಿ ಕಳಿಸುತ್ತಾರೆ.

ಕರ್ನಾಟಕ ಈ ವಿಷಯದಲ್ಲಿ ಬರಿಗೈಯ ನಾಡಲ್ಲ, ಅದೇ ನನಗೆ ಹೆಚ್ಚು ನೋವು. 1980ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಅವರ ತಂಡ ಈ ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಹುಟ್ಟಿನಿಂದ ಬರುವ ಚಯಾಪಚಯದ ದೋಷಗಳಿಗಾಗಿ ಪರೀಕ್ಷಿಸಿತ್ತು. ಹಿಮ್ಮಡಿಗೆ ಒಂದು ಸೂಜಿ, ಕಾಗದದ ಮೇಲೆ ಒಂದು ಹನಿ ರಕ್ತ, ಅಷ್ಟೇ. ನಲವತ್ತು ವರ್ಷದ ಹಿಂದೆ ಸಾಧ್ಯವಾದದ್ದು ಇವತ್ತು ಪ್ರತಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಯಾಕೆ ದಿನದ ಕೆಲಸವಾಗಿಲ್ಲ? ಅಮೆರಿಕದಲ್ಲಿ ಎಲ್ಲ ನವಜಾತ ಶಿಶುಗಳಿಗೂ ಮಾಡಬೇಕಾದ ಪರೀಕ್ಷೆಗಳ ಪಟ್ಟಿಗೆ ಎಂಪಿಎಸ್ ಒಂದನ್ನು 2016ರಲ್ಲಿ, ಎಂಪಿಎಸ್ ಎರಡನ್ನು 2022ರಲ್ಲಿ ಸೇರಿಸಿದರು. ನಮ್ಮಲ್ಲಿ ಎಂಪಿಎಸ್ ದೂರದ ಮಾತು. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಕೂಸನ್ನು ಕೂಡ ಎಷ್ಟೋ ಕಡೆ ಕಂಡುಹಿಡಿಯುವುದಿಲ್ಲ. ಅದೂ ಮೆದುಳನ್ನೂ ಮೂಳೆಯನ್ನೂ ಕುಗ್ಗಿಸುವ ಕೊರತೆ, ಮೊದಲ ವಾರಗಳಲ್ಲೇ ಗೊತ್ತಾದರೆ ಕಡಿಮೆ ಬೆಲೆಯ ಒಂದು ಮಾತ್ರೆಯಿಂದ ಆ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ. ಇದಕ್ಕೆ ಕೋಟಿ ಬೇಡ, ಕೋರ್ಟೂ ಬೇಡ.

ನೋಡಿಯೂ ನೋಡದೆ ಬಿಡುವುದು ನಮಗೆ ಹೊಸದಲ್ಲ, ಮಲೆನಾಡಿನವರಿಗೆ ಹಂದಿಗೋಡು ನೆನಪಿರಬೇಕು. ಸಾಗರ ತಾಲ್ಲೂಕಿನ ಆ ಊರಿನಲ್ಲಿ 1970ರ ದಶಕದ ನಡುವಿನಲ್ಲಿ ಸೊಂಟ, ಮಂಡಿ ಹಿಡಿದು ತೆವಳುವ ಜನ ಬೆಳಕಿಗೆ ಬಂದರು. ಅದು ಎಂಪಿಎಸ್ ಅಲ್ಲ, ಬೇರೆ ಬಗೆಯ ವಂಶಪಾರಂಪರ್ಯ ಮೂಳೆ ಕಾಯಿಲೆ. ನರಳಿದವರು ಗದ್ದೆಯಲ್ಲಿ ಕೂಲಿ ಮಾಡುವ ದಲಿತರು. ವಿಷ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೆ ಹಾಗಾಯಿತು ಎಂದು ಬಹುಕಾಲ ಮಾತಾಯಿತು. ತಿಂದವರದೇ ತಪ್ಪು ಎಂದಾದರೆ ನೋಡುವವರಿಗೆ ನಿರಾಳ. ಪತ್ರಕರ್ತರು ಹೋದರು, ಸಮಿತಿಗಳು ಹೋದವು, ಫೋಟೋ ಬಂದವು. ಅಲ್ಲಿ ನರಳಿದವರು ಉಳ್ಳವರ ಕೇರಿಯವರಾಗಿದ್ದರೆ ಆ ಹೆಸರು ನಾಡಿನ ನೆನಪಿನಿಂದ ಇಷ್ಟು ಬೇಗ ಮಾಸುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಹಾಗಾಗಿ ನಿಮ್ಮನ್ನು ಕೇಳಿಕೊಳ್ಳುತ್ತೇನೆ, ಮನೆಯವನಂತೆ ಕೇಳಿಕೊಳ್ಳುತ್ತೇನೆ. ನೀವು ಮೇಷ್ಟ್ರಾಗಿದ್ದರೆ, ಕಲಿತದ್ದನ್ನು ಮರೆಯುತ್ತ ಹೋಗುವ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುವ ಮೊದಲು ಅದರ ತಾಯಿಯನ್ನು ಕರೆದು ಮಾತಾಡಿ. ಕಲಿಯದಿರುವುದು ಬೇರೆ, ಕಲಿತದ್ದು ಜಾರುವುದು ಬೇರೆ. ನೀವು ಆಶಾ ಕಾರ್ಯಕರ್ತೆಯಾಗಿದ್ದರೆ, ತಾಯಿ ಕಾರ್ಡಿನಲ್ಲಿ ತೂಕ ಬರೆಯುವ ಕೈಯಿಂದಲೇ ಆ ಹೊಟ್ಟೆಯನ್ನು ಒಮ್ಮೆ ಮುಟ್ಟಿ. ನೀವು ವೈದ್ಯರಾಗಿದ್ದರೆ, ಹರ್ನಿಯಾ ಹೊಲಿದು ಕಳಿಸುವ ಮೊದಲು ಆ ಮಗುವಿನ ಕಿವಿ, ಗೊರಕೆ, ಬೆರಳು, ಬೆನ್ನು ಎಲ್ಲವನ್ನೂ ಒಂದೇ ಮಗುವಿನದೆಂದು ನೋಡಿ. ಮದುವೆ ಕುದುರಿಸುವ ಹಿರಿಯರಾಗಿದ್ದರೆ, ಕುಲ, ಗೋತ್ರ, ನಕ್ಷತ್ರ ಕೇಳುವಾಗ ಮನೆತನದಲ್ಲಿ ಬೆಳೆಯದೆ ಹೋದ ಮಕ್ಕಳಿದ್ದರೇ ಎಂದೂ ಕೇಳಿ, ಯಾರೂ ಮುಚ್ಚಿಡದಂತೆ ಕೇಳಿ. ಅಂಥ ಮಗು ಆಗಲೇ ಇರುವ ಮನೆಯಲ್ಲಿ ಮತ್ತೆ ಬಸಿರಾದರೆ ಮೂರು ತಿಂಗಳ ಆಸುಪಾಸಿನಲ್ಲೇ ಗರ್ಭದ ಪರೀಕ್ಷೆ ಮಾಡಿಸಬಹುದು, ಆಮೇಲಿನ ತೀರ್ಮಾನ ಆ ತಾಯಿತಂದೆಯದು, ನಮ್ಮದಲ್ಲ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ಈ ಕಾಯಿಲೆಗಳಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಉತ್ಕೃಷ್ಟತಾ ಕೇಂದ್ರವಾಗಿವೆ, ಹೆಸರು ಬರೆದಿಟ್ಟುಕೊಳ್ಳಿ. ಯಾವ ಬಸ್ಸು ಹತ್ತಬೇಕು ಎಂದು ತಿಳಿಯದೆ ಮೆಜೆಸ್ಟಿಕ್ಕಿನಲ್ಲಿ ಮಗು ಎತ್ತಿಕೊಂಡು ನಿಂತಿರುವವಳ ಜೊತೆ ಒಂದು ದಿನ ಹೋಗಿ ಬನ್ನಿ.

ಮೊನ್ನೆ ನನ್ನ ತಂಗಿಯ ಮಗಳು ಬಂದಿದ್ದಳು. ಈಗ ಊರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಾಳೆ. ಮಕ್ಕಳಿಗೆ ಊಟ ಬಡಿಸುವಾಗ ಒಬ್ಬೊಬ್ಬರ ಬೆರಳು ಬಿಡಿಸಿ ನೋಡುತ್ತಾಳಂತೆ, ಕೂರಿಸುವ ನೆಪದಲ್ಲಿ ಬೆನ್ನ ಮೇಲೆ ಕೈಯಾಡಿಸುತ್ತಾಳಂತೆ. ಒಂದು ಮಗುವಿನ ಮೇಲೆ ಅವಳಿಗೆ ಅನುಮಾನ, ಹತ್ತು ತಿಂಗಳಿನದು, ಮನೆಯವರು ನೋಡೋಣ ಎಂದಿದ್ದಾರೆ. ಅವರು ಅವಳ ಮಾತು ಕೇಳುವುದಿಲ್ಲ, ನನ್ನ ಮಾತು ಕೇಳಿಯಾರು ಎಂದು ಬಂದಿದ್ದಳು. ನಾಳೆ ಬೆಳಿಗ್ಗೆ ಆ ಮನೆಗೆ ಹೋಗುತ್ತಿದ್ದೇನೆ. ನಿಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇದ್ದರೆ, ಈ ಪುಸ್ತಕ ಮಡಿಸಿಟ್ಟು ಎದ್ದು ಹೋಗಿ, ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಂಗಿ ಎತ್ತಿ, ಅದರ ಬೆನ್ನು ಸ್ವಲ್ಪ ನೋಡಿ.